ಕುರ್ಚಿಯ ಮೇಲೆ ಸತ್ತವರಿಲ್ಲ

"ಮನುಷ್ಯಳೇನೇ ನೀನು, ಇಲ್ಲ ಟ್ಯಾಂಕರ್ರಾ?" ತೂಕದ ಮುಳ್ಳು ನೋಡಿ ಸಿಸ್ಟರು ಹಣೆ ಚಚ್ಚಿಕೊಂಡರು. "ಮೂರು ದಿನಕ್ಕೆ ನಾಲ್ಕು ಕೆಜಿ ನೀರು! ಬಾಯಿಗೆ ಬೀಗ ಹಾಕ್ಕೊಳಕ್ಕಾಗಲ್ವಾ?"

ಸೋಪಿನಕ್ಕ ತಲೆ ಎತ್ತಲಿಲ್ಲ. ಊದಿದ ಪಾದಗಳೆರಡೂ ಹಲಗೆಯ ಮೇಲೆ ನಾದಿಟ್ಟ ಹಿಟ್ಟಿನ ಹಾಗೆ ಕೂತಿದ್ದವು. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ರೋಗಿಗಳ ಹಾಸು ಹೊದಿಕೆ ಒಗೆಯುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಮುಖಕ್ಕೆ ರಾಚುವ ಹಬೆ, ಕುದಿನೀರು. ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ಮೊಳಕೈವರೆಗೆ ನೀರಿನಲ್ಲಿ ಮುಳುಗಿ ನಿಂತು ಒಂದು ಗುಟುಕೂ ಕುಡಿಯದಿರುವ ತಪಸ್ಸು ಅವಳಿಗೆ ಇನ್ನೂ ಸಿದ್ಧಿಸಿರಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಡಯಾಲಿಸಿಸ್ಸನ್ನು ಪುಕ್ಕಟೆ ಕೊಟ್ಟಿದ್ದರು. ನೆಲಮಾಳಿಗೆಯಲ್ಲಿ ಬಾಯಾರಿಸಿ, ಮೇಲಿನ ಮಹಡಿಯಲ್ಲಿ ನೀರು ಹಿಂಡಿ ತೆಗೆಯುತ್ತಿದ್ದರು.

ಸಿಸ್ಟರು ಅವಳ ಬಲಗೈಗೆ ಬಿಪಿ ಪಟ್ಟಿ ಸುತ್ತಿದರು. ಪಟ್ಟಿ ಉಬ್ಬಿ ಬಿಗಿಯಿತು, ನಿಟ್ಟುಸಿರುಬಿಟ್ಟು ಸಡಿಲಾಯಿತು.

"ಇನ್ನೂರ ಹತ್ತು! ಬೆಳಿಗ್ಗೆ ಮಾತ್ರೆ ನುಂಗಿಲ್ವಾ?"

"ಇಲ್ಲ ಸಿಸ್ಟರ್."

"ಯಾಕೆ? ಕಾಯಿಲೆ ಇರೋದು ನಿಂಗೋ ನಂಗೋ?"

"ಹೋದ ಸಲ ನುಂಗಿ ಬಂದಿದ್ದೆ. ಮೆಷಿನ್ ಹಾಕಿದ್ಮೇಲೆ ಬಿಪಿ ಪಾತಾಳಕ್ಕಿಳಿದು ಕಣ್ಣು ಕತ್ಲೆ ಬಂತು. ಮಾತ್ರೆ ನುಂಗಿ ಬಂದು ನಮ್ಮ ತಲೆ ಮೇಲೆ ಸಾಯ್ತೀಯಾ ಅಂತ ನೀವೇ ಬೈದ್ರಿ."

"ಬೈದೆ ಅಂತ ನಿಲ್ಸೇ ಬಿಡೋದಾ?" ಎಂದರು ಸಿಸ್ಟರು. ಬಾಯಿ ಜೋರಾಗಿಯೇ ಇತ್ತು, ಕಣ್ಣು ಮಾತ್ರ ಪಟ್ಟಿ ಮಡಚುವ ಕೆಲಸ ಹಿಡಿಯಿತು.

ಪಕ್ಕದ ಕುರ್ಚಿಯಲ್ಲಿ ರಕ್ತದ ಕೊಳವೆಗಳಿಗೆ ಕಟ್ಟುಬಿದ್ದಿದ್ದ ಗಾರೆ ಮಾವ ನಕ್ಕ. ಗೋಡೆ ಕಟ್ಟಿ ಕಟ್ಟಿ ಅವನ ನಗುವೂ ಗರಗರ ಎನ್ನುತ್ತಿತ್ತು. "ನೀರು ತೆಗೆದ್ರೆ ಬಿಪಿ ಇಳಿಯುತ್ತೆ. ಆದ್ರೆ ಬಿಪಿ ಇಳಿದ್ರೇನೇ ನೀರು ತೆಗೆಯೋದು. ಸೋಪಿನಕ್ಕ, ಇವೆರಡನ್ನೂ ಕೂರ್ಸಿ ರಾಜಿ ಮಾಡ್ಸು, ಹೋಗು."

ಸಾಲು ಕುರ್ಚಿಗಳೆಲ್ಲ ನಕ್ಕವು. ಅಷ್ಟರಲ್ಲಿ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಒಳಗೆ ಬಂದರು. ಅವತ್ತು ಕೇಂದ್ರಕ್ಕೆ ಹಣ ಕೊಡುವ ದಾನಿಗಳು ಬರುವವರಿದ್ದರು.

"ಇನ್ನೂರರ ಮೇಲಾ? ವಾಪಸ್ ಕಳ್ಸಿ. ಮುಂದಿನ ಸರದಿಗೆ ಬಾಮ್ಮ."

ಮ್ಯಾನೇಜರ ಬೆನ್ನ ಹಿಂದಿನ ಗೋಡೆಯಲ್ಲಿ ಮೊಳದುದ್ದದ ಅಕ್ಷರಗಳಿದ್ದವು: ಈ ಕೇಂದ್ರದ ಕುರ್ಚಿಗಳ ಮೇಲೆ ಇಂದಿನವರೆಗೆ ಒಂದು ಸಾವೂ ಸಂಭವಿಸಿಲ್ಲ. ಅದು ಅಪ್ಪಟ ನಿಜ. ಸಾಯುವ ಹಾಗೆ ಕಂಡವರನ್ನು ಕುರ್ಚಿಗೆ ಹತ್ತಿಸುತ್ತಲೇ ಇರಲಿಲ್ಲ. ಹೋದ ವಾರ ಹಮಾಲಿ ಅಣ್ಣನನ್ನೂ ಹೀಗೇ ಬಿಪಿ ಹೆಚ್ಚೆಂದು ವಾಪಸು ಕಳಿಸಿದ್ದರು. ಅವನು ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತ, ಬಸ್ಸು ಬಂದಾಗ ಏಳಲಿಲ್ಲ. ಬೆಂಚು ಆಸ್ಪತ್ರೆಯದಲ್ಲವಾದ್ದರಿಂದ ಗೋಡೆಯ ಅಕ್ಷರ ಅಳಿಸುವ ಪ್ರಮೇಯ ಬರಲಿಲ್ಲ. ಹೆಣಕ್ಕೆ ಹೊದಿಸಿದ್ದ ದುಪ್ಪಟಿ ಮಾತ್ರ ಆಸ್ಪತ್ರೆಯದು. ಅದು ಮಾರನೆಯ ದಿನ ಸೋಪಿನಕ್ಕನ ತೊಟ್ಟಿಗೆ ಬಂದು ಬಿತ್ತು. ಅವಳೇ ಒಗೆದು ಮಡಚಿಟ್ಟಳು.

"ಸಾರ್, ಮಲಗಿದ್ರೆ ಉಸಿರು ಸಿಗ್ತಿಲ್ಲ. ಎದೆ ಒಳಗೆ ನೀರು ಕುಲುಕ್ತದೆ. ಎರಡು ರಾತ್ರಿಯಿಂದ ಗೋಡೆಗೆ ಒರಗಿ ಕೂತೇ ಇದೀನಿ. ಇನ್ನೊಂದು ಸರದಿವರೆಗೆ ಉಳಿಯಲ್ಲ. ದೊಡ್ಡ ಡಾಕ್ಟ್ರನ್ನ ಒಂದ್ಮಾತು ಕೇಳಿ."

"ಅವ್ರು ಗೆಸ್ಟುಗಳ ಜೊತೆ ಇದಾರೆ. ನಿನ್ನ ಬಿಪಿ ಪುರಾಣ ಓದೋಕೆ ಇದೇ ಹೊತ್ತಾ? ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ನಿಮಗೆ. ದರಿದ್ರ ಮುಂಡೇವು! ಜಾಗ ಖಾಲಿ ಮಾಡು."

ಸೋಪಿನಕ್ಕ ಖಾಲಿ ಮಾಡಲಿಲ್ಲ. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿದಳು, ತನ್ನ ಖಾಲಿ ಕುರ್ಚಿಯಲ್ಲಿ ಕೂತಳು, ಕಾಲೆತ್ತಿ ಇಟ್ಟುಕೊಂಡಳು.

"ಏಯ್, ಏಳೇ ಮೇಲೆ!"

"ಏಳಲ್ಲ."

"ಸೆಕ್ಯೂರಿಟಿ! ಎತ್ತಿ ಹೊರಗೆ ಹಾಕು ಇವಳನ್ನ."

ಕಾವಲಿನವನು ಬಂದ. ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. "ಮುಟ್ತೀನಿ ಸಾರ್. ಆದ್ರೆ ಎಳೆದಾಡೋವಾಗ ಸತ್ತುಗಿತ್ತು ಹೋದ್ರೆ? ಕುರ್ಚಿ ಮೇಲಿದಾಳೆ."

ಇಡೀ ಆಸ್ಪತ್ರೆಯಲ್ಲಿ ಅವಳ ಜೀವಕ್ಕೆ ಬೆಲೆಯಿದ್ದ ಜಾಗ ಅದೊಂದೇ ಎಂಬುದು ಮ್ಯಾನೇಜರಿಗೆ ಈಗ ಹೊಳೆಯಿತು. ಅವಳಿಗೆ ತುಸು ಮುಂಚೆಯೇ ಹೊಳೆದಿತ್ತು.

"ಬೆಂಚಲ್ಲಿ ಸತ್ರೆ ನಿಮ್ಮ ಲೆಕ್ಕಕ್ಕಿಲ್ಲ ಅಲ್ವಾ ಸಾರ್?" ಸೋಪಿನಕ್ಕ ಏದುಸಿರಿನ ನಡುವೆ ಒಂದೊಂದೇ ಮಾತು ಆಯ್ದು ಇಟ್ಟಳು. "ಇಲ್ಲೇ ಸಾಯ್ತೀನಿ. ಅದನ್ನೂ ಗೋಡೆ ಮೇಲೆ ಬರೆಸಿ."

ಗಾಜಿನ ಬಾಗಿಲಾಚೆ ಬೂಟುಗಳ ಸದ್ದಾಯಿತು. ದೊಡ್ಡ ಡಾಕ್ಟರು ದಾನಿಗಳನ್ನು ಕರೆದುಕೊಂಡು, ಬಗ್ಗಿ ಬಗ್ಗಿ ದಾರಿ ತೋರಿಸುತ್ತ ಒಳಗೆ ಬಂದರು. ಮ್ಯಾನೇಜರು ಮುಖದ ಮೇಲೊಂದು ನಗು ಏರಿಸಿಕೊಂಡು, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಸುಮ್ನೆ ಬಿದ್ದಿರು. ಇವ್ರು ಹೋಗ್ಲಿ, ಆಮೇಲೆ ನಿಂಗಿದೆ."

"ಥೂ, ಬೋಳಿಮಗನೇ," ಎಂದ ಗಾರೆ ಮಾವ. ಎಲ್ಲರಿಗೂ ಕೇಳುವ ಹಾಗೇ ಅಂದ. ಸೂಜಿ ಚುಚ್ಚಿದ್ದ ಕೈಯನ್ನು ಎತ್ತುವಂತಿರಲಿಲ್ಲ. ಇನ್ನೊಂದು ತೋಳಿನ ಬಿಪಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ, ಚರ್ರನೆ ಕಿತ್ತು ನೆಲಕ್ಕೆಸೆದ. ಆಚೆ ಕುರ್ಚಿಯ ಟೀಚರಮ್ಮ ತನ್ನದನ್ನು ತೊಡೆಗೆ ಉಜ್ಜಿ ಉಜ್ಜಿ ಬಿಚ್ಚಿದಳು. ಚರ್ರ್. ಅದರಾಚೆಯವನು. ಚರ್ರ್. ಸಾಲಿನ ಕೊನೆಯವರೆಗೂ ಪಟ್ಟಿಗಳು ಕಳಚಿಬಿದ್ದವು. ಬಿಪಿ ಸಿಗದ ಮೆಷಿನ್ನುಗಳು ಒಂದಾದ ಮೇಲೊಂದು ಕೆಂಪು ದೀಪ ಹೊತ್ತಿಸಿಕೊಂಡು ಕಿರುಚತೊಡಗಿದವು.

ದಾನಿಗಳಲ್ಲೊಬ್ಬರು ಇದು ತಮ್ಮ ಸ್ವಾಗತಕ್ಕೆ ಇಟ್ಟ ಪ್ರದರ್ಶನವೆಂದುಕೊಂಡು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮಿಕ್ಕವರೂ ತಟ್ಟಿದರು.

"ಚಪ್ಪಾಳೆ ಆಮೇಲೆ ತಟ್ಟಿ ಸ್ವಾಮಿ," ಸೋಪಿನಕ್ಕ ಸೆರಗು ಸರಿಸಿ ಎಡಗೈಯನ್ನು ಅವರ ಮುಂದೆ ನೀಡಿದಳು. ಸೂಜಿಗೆಂದು ಕುಯ್ದು ಬೆಳೆಸಿದ ನರ ಹಗ್ಗದಂತೆ ಉಬ್ಬಿ ದಡದಡ ಹೊಡೆದುಕೊಳ್ಳುತ್ತಿತ್ತು. "ಮೊದ್ಲು ಸೂಜಿ ಹಾಕ್ಸಿ."

ಚಪ್ಪಾಳೆ ನಿಂತಿತು. ಸಿಸ್ಟರ ಕೈ ಸೂಜಿಯ ತಟ್ಟೆಯನ್ನು ಎತ್ತಿಕೊಂಡಿತು. ಕಣ್ಣು ಇನ್ನೂ ಮ್ಯಾನೇಜರ ಮೇಲೆಯೇ ಇತ್ತು.