ತಪ್ಪು ಮೊತ್ತ

ಆ ಕಂಪೈಲರ್ ಯಾರೊಬ್ಬರ ಸ್ವತ್ತೂ ಅಲ್ಲ. ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವ ಆ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಮ್ಮದೇ ಪ್ರತಿ ಮಾಡಿಕೊಂಡು ತಿದ್ದಬಹುದು. ಒಂದೇ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿ ಒಟ್ಟಿಗೇ ಮಾಡಿಸುವ ಸೌಲಭ್ಯವನ್ನು ಅದಕ್ಕೆ ಸೇರಿಸಲು ಅವಳು ವರ್ಷಗಟ್ಟಲೆ ಜೀವ ತೇಯ್ದಿದ್ದಳು.

ಬಿಡುಗಡೆಗೆ ಮುನ್ನ ಕೊನೆಗಳಿಗೆಯಲ್ಲಿ, ಹಣ ಹಾಕಿದ್ದ ಪ್ರಾಯೋಜಕ ಕಂಪನಿಯವರು ಅದಕ್ಕೆ ಕೈ ಹಾಕಿದರು. ವೇಗ ಸಾಲದೆಂದು, ಒಂದು ಪ್ರೊಸೆಸರ್ ತನ್ನ ಉತ್ತರ ಬರೆದು ಮುಗಿಸುವವರೆಗೆ ಇನ್ನೊಂದು ಕಾಯುವಂತೆ ಅವಳು ಇಟ್ಟಿದ್ದ ಬೀಗಗಳನ್ನೆಲ್ಲ ಕಿತ್ತೆಸೆದರು. ಅವಳು ಗಾಬರಿಯಿಂದ ಯೋಜನೆಯ ಮುಖ್ಯಸ್ಥನ ಬಳಿಗೆ ಓಡಿದಳು. ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು.

"ಅಣ್ಣಾ, ಒಂದು ಪ್ರೊಸೆಸರ್ ಕೂಡಿದ್ದನ್ನ ಇನ್ನೊಂದು ಅಳಿಸ್ತಿದೆ. ಅದೇ ಲೆಕ್ಕ, ಪ್ರತಿಸಲ ಬೇರೆ ಉತ್ತರ!"

"ಯಾವಾಗಲೋ ಒಂದ್ಸಲ ಆಗೋದಕ್ಕೆ ಇಷ್ಟು ರಾದ್ಧಾಂತ ಯಾಕಮ್ಮಾ? ವೇಗ ನೋಡು, ವೇಗ!"

ಮರುದಿನ ನೋಡಿದರೆ ಕಂಪೈಲರ್ ತನ್ನ ಎಲ್ಲ ಪರೀಕ್ಷೆಗಳಲ್ಲೂ ಪಾಸು. ತಪ್ಪು ತಿದ್ದಿದರೇನೋ ಎಂದು ಹಿಗ್ಗಿ ಒಳಗೆ ಇಣುಕಿದಳು. ಆ ತಪ್ಪನ್ನು ಹಿಡಿಯುತ್ತಿದ್ದ ಪರೀಕ್ಷೆಯನ್ನೇ ದೊಡ್ಡಣ್ಣ ಅಳಿಸಿಹಾಕಿದ್ದ. ತುತ್ತಿನಲ್ಲಿ ಕೂದಲು ಸಿಕ್ಕವಳಂತೆ ಅವಳ ಮುಖ ಕಿವುಚಿತು.

ಬಿಡುಗಡೆಯ ಸಭೆಯಲ್ಲಿ ಅವನು ಅವಳ ಬೆನ್ನು ತಟ್ಟಿದ. "ಇದೆಲ್ಲ ನಮ್ಮ ತಂಗಿಯ ಕೈಚಳಕ!"

ಚಪ್ಪಾಳೆ ಬಿತ್ತು. ಅವಳು ತನ್ನ ಕಂಪ್ಯೂಟರನ್ನು ಪರದೆಗೆ ಜೋಡಿಸಿ ಲೆಕ್ಕವನ್ನು ಓಡಿಸಿದಳು. ಒಂದು ಉತ್ತರ. ಮತ್ತೆ ಓಡಿಸಿದಳು. ಬೇರೆ ಉತ್ತರ.

"ಗ್ರಾಹಕರು ಇಷ್ಟೆಲ್ಲ ಕೆದಕಿ ನೋಡಲ್ಲ ಬಿಡಿ," ಎಂದು ಕಂಪನಿಯವನು ಹಲ್ಲು ಕಿರಿದ. ಸಭೆಯೇ ನಕ್ಕಿತು. ಅಕ್ಷರ ತಿದ್ದಿಸುವಂತೆ ಅವಳು ಕೆಲಸ ಕಲಿಸಿದ್ದ ಹುಡುಗರೂ ನಕ್ಕರು.

ಹೊರಗೆ ಬಂದವಳೇ ಅಕ್ಕನಿಗೆ ಫೋನು ಮಾಡಿದಳು. ಅಕ್ಕನಿಗೆ ನದಿಯ ಪ್ರವಾಹ ಮುನ್ಸೂಚನೆಯ ಕಚೇರಿಯಲ್ಲಿ ಕೆಲಸ; ಅಲ್ಲಿನ ಲೆಕ್ಕಗಳೆಲ್ಲ ಇದೇ ಕಂಪೈಲರಿನಿಂದ ನಡೆಯುತ್ತಿದ್ದವು.

"ಅಕ್ಕಾ, ಹೊಸ ಕಂಪೈಲರ್ ಹಾಕ್ಕೋಬೇಡ."

"ಹಾಕ್ಕೊಂಡಾಯ್ತಲ್ಲೇ! ನಿನ್ನ ಹೆಸರು ನೋಡಿ ಕಣ್ಣು ಮುಚ್ಕೊಂಡು ಹಾಕಿಸ್ದೆ."

ಅವಳು ತಕ್ಷಣ ಅಕ್ಕನ ಕೈಯಲ್ಲಿ ಹಳೆಯದನ್ನೇ ಮತ್ತೆ ಹಾಕಿಸಿದಳು. ತಪ್ಪು ಉತ್ತರಗಳನ್ನು ಎಲ್ಲರೂ ಓದುವ ಜಾಲತಾಣದಲ್ಲಿ ಹಾಕಿ, ಹೊಸ ಕಂಪೈಲರಿನಿಂದ ತನ್ನ ಹೆಸರನ್ನು ಕಿತ್ತುಹಾಕಿ ಎಂದು ದೊಡ್ಡಣ್ಣನಿಗೆ ಬರೆದಳು. ಸಂಜೆಯೊಳಗೆ ಯೋಜನೆಯ ಮೂಲ ಪ್ರತಿಯನ್ನು ತಿದ್ದಲು ಅವಳಿಗಿದ್ದ ಹಕ್ಕನ್ನೇ ಅವನು ಕಿತ್ತುಕೊಂಡ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಕಂಪೈಲರಿನದೇ ಬೇರೊಂದು ಪ್ರತಿ ಮಾಡಿಕೊಂಡು, ಕಿತ್ತದ್ದನ್ನೆಲ್ಲ ಮತ್ತೆ ಕೂಡಿಸಿ ಎಲ್ಲರಿಗೂ ತೆರೆದಿಟ್ಟಳು. ಅದು ನಿಧಾನ. ಆದರೂ ಅಕ್ಕನ ಕಚೇರಿ ಅದನ್ನೇ ನಂಬಿತು.

ತಿಂಗಳುಗಳ ಮೇಲೆ ದೊಡ್ಡಣ್ಣನ ಫೋನು ಬಂತು. ದನಿಯಲ್ಲಿ ಬೆಣ್ಣೆ.

"ಗ್ರಾಹಕರು ಗಲಾಟೆ ಮಾಡ್ತಿದಾರೆ ತಂಗೀ. ನೀನು ಸರಿಮಾಡಿದ್ದನ್ನ ತಗೋಬಹುದಾ?"

"ಎಲ್ಲರಿಗೂ ಇಟ್ಟಿರೋದು. ತಗೊಳ್ಳಿ."

"ನನ್ಮೇಲೆ ಕೋಪ ಇಲ್ಲ ತಾನೆ?"

"ಕೋಪ ಆಗಿದ್ರೆ ಇಷ್ಟೊತ್ತಿಗೆ ಆರಿರ್ತಿತ್ತು," ಎಂದು ಅವಳು ಫೋನಿಟ್ಟಳು. ಆ ದನಿ ಅಂಟಿಕೊಂಡಂತೆನಿಸಿ, ನಲ್ಲಿ ತಿರುಗಿಸಿ ಕಿವಿ ತೊಳೆದುಕೊಂಡಳು.