ಎರಡು ಕೋವಿ, ಒಂದು ಜೇಬು

ಅಕ್ಟೋಬರಿನ ಒಂದು ಭಾನುವಾರ ನನ್ನ ಹೆಂಡತಿ ಆರ್ಲೀನ್ ಬಚ್ಚಲುಮನೆಯ ಬಾಗಿಲು ತೆಗೆದಾಗ ಒಳಗೆ ಹಬೆ ತುಂಬಿತ್ತು, ಹಬೆಯ ನಡುವೆ ಕೋವಿ ನಿಂತಿತ್ತು. ನಮ್ಮ ಮದುವೆಯ ವರ್ಷ ಅವಳಪ್ಪ ನನಗೆ ಕೊಟ್ಟ ಕೋವಿ. ಹಿಡಿ ಅಕ್ರೋಟು ಮರದ್ದು.

"ಇದಕ್ಕೂ ನೆಗಡಿನಾ?" ಎಂದಳು.

"ಪ್ರಯೋಗ. ಮರ ತೇವ ಹೀರ್ಕೊಂಡು ಉಬ್ಬುತ್ತೆ, ಉಬ್ಬಿ ನಳಿಗೇನ ಒತ್ತುತ್ತೆ, ಗುಂಡು ಪಕ್ಕಕ್ಕೆ ಹೋಗುತ್ತೆ."

"ಹೋದ ವರ್ಷದ್ದೇ ಇನ್ನೂ?"

ಹೋದ ವರ್ಷದ್ದೇ. ಪೆನ್ಸಿಲ್ವೇನಿಯದ ನಮ್ಮ ಬೆಟ್ಟಗಳ ಕಡೆ, ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಚುಂಗನ್ನು ಕತ್ತರಿಸಿ, ಹೆಸರು ಬರೆದು, ಬೇಟೆಯ ಬಿಡಾರದ ಗೋಡೆಗೆ ಮೊಳೆ ಹೊಡೆಯುತ್ತಾರೆ. ಮಾವನ ಬಿಡಾರದಲ್ಲಿ ಇದರ ಮೇಲೆ ಇನ್ನೊಂದು ನಿಯಮ: ಸಾಲಾಗಿ ಎರಡು ವರ್ಷ ಚುಂಗು ಕೊಟ್ಟವನಿಗೆ ಮೂರನೇ ವರ್ಷ ಬೆಟ್ಟವಿಲ್ಲ, ಬಿಡಾರದಲ್ಲಿ ಅಡುಗೆಯ ಒಲೆ ಮಾತ್ರ. ನನ್ನದೊಂದು ಚುಂಗು ಆಗಲೇ ಗೋಡೆಯಲ್ಲಿತ್ತು.

ಒಲೆಗೆ ನಾನು ಹೆದರುವವನಲ್ಲ. ಹೆದರಿಕೆಯಿದ್ದದ್ದು ಬಂಡೆಯ ವಿಷಯದಲ್ಲಿ. ಹಳ್ಳದ ಮೇಲಿನ ಆ ಬಂಡೆಯ ಮೇಲೆ ಮಾವ ಆರ್ವಿಲ್ ನಲವತ್ತು ವರ್ಷ ಬೇಟೆಗೆ ಕೂತಿದ್ದರು. ಮೊಣಕಾಲು ಕೈಕೊಟ್ಟಾಗ ಅದನ್ನು ಸ್ವಂತ ಮಗ ಲಮಾರ್‌ಗೆ ಕೊಡದೆ, ಪೇಟೆಯಲ್ಲಿ ಹುಟ್ಟಿ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುವ ಅಳಿಯನಿಗೆ ಕೊಟ್ಟರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮನೆಯಲ್ಲಿ ನನಗೆ ಯಾರೂ ಅದಕ್ಕಿಂತ ದೊಡ್ಡದನ್ನು ಕೊಟ್ಟಿರಲಿಲ್ಲ. ಮಗಳನ್ನು ಕೊಟ್ಟಿದ್ದರು, ನಿಜ. ಆದರೆ ಅದು ಅವಳೇ ಮಾಡಿಕೊಂಡ ತೀರ್ಮಾನ.

ಪ್ರಯೋಗ ಸಫಲವಾಯಿತು. ಹಬೆ ಕುಡಿದ ಕೋವಿ ನೂರು ಗಜದಲ್ಲಿ ಒಂದು ಬೆರಳಿನಷ್ಟು ಎಡಕ್ಕೆ ಹೊಡೆಯಿತು. ಮರದ್ದೇ ತಪ್ಪು ಎಂದು ಸಾಬೀತಾಯಿತು. ಹೋದ ವರ್ಷ ನನ್ನ ಗುಂಡು ಜಿಂಕೆಯಿಂದ ಒಂದು ಮಾರು ದೂರದ ಮರಕ್ಕೆ ಬಡಿದಿತ್ತು. ಆ ಮಾರಿನಲ್ಲಿ ಬೆರಳೊಂದನ್ನು ಕಳೆದರೆ ಉಳಿಯುವುದು ಯಾರ ತಪ್ಪು ಎಂಬ ಲೆಕ್ಕವನ್ನು ನಾನು ಮಾಡಲಿಲ್ಲ. ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ಅಂಕ ಕತ್ತರಿಸುತ್ತಿದ್ದೆ.

ಪ್ಲಾಸ್ಟಿಕ್ ಹಿಡಿಯ ಹೊಸ ಕೋವಿ ತಂದೆ. ಕಪ್ಪು, ಹಗುರ, ಮಳೆಗೆ ಜಗ್ಗದ್ದು. ಮಾವ ಅದನ್ನು ಬೆರಳಗಂಟಿನಿಂದ ತಟ್ಟಿ ನೋಡಿದರು. ಖಾಲಿ ಡಬ್ಬಿಯ ಸದ್ದು ಬಂತು.

"ಒಳಗೆ ಯಾರೂ ಇಲ್ಲ," ಎಂದರು. "ಹಳೇದರ ತೋಟಾನೇ ಇದಕ್ಕೂ ಹಿಡಿಯುತ್ತೇನಪ್ಪಾ?"

"ಇಲ್ಲ ಮಾವ, ಇದರದ್ದು ಗಿಡ್ಡ. ಗಿಡ್ಡ ತೋಟಾ ಆದ್ರೆ ಯಂತ್ರ ಬಿಗಿಯಾಗಿರುತ್ತೆ."

"ಸರಿ. ಹಳೇದನ್ನ ಮನೇಲಿ ಬಿಟ್ಟು ಬಾ, ಅಷ್ಟೇ."

ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಣಹವೆಯಲ್ಲಿ ಮರದ ಕೋವಿಯನ್ನು ಮೀರಿಸುವುದು ಇನ್ನೊಂದಿಲ್ಲ. ಭುಜಕ್ಕೆ ಇಟ್ಟರೆ ಪರಿಚಿತರ ಹೆಗಲಿನ ಹಾಗೆ ಕೂರುತ್ತದೆ, ಸದ್ದಿಲ್ಲ. ತೇವದಲ್ಲಿ ಪ್ಲಾಸ್ಟಿಕ್ಕೇ ವಾಸಿ. ಹಾಗಾದರೆ ಆಯ್ಕೆ ನನ್ನದಲ್ಲ, ಹವೆಯದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಎರಡನ್ನೂ ಹೊತ್ತು ಬಿಡಾರಕ್ಕೆ ಹೋದೆ.

"ಭಾವ, ಮೂರನೇದು ಕಾರಲ್ಲೇ ಮರ್ತುಬಂದ್ರಾ?" ಎಂದ ಲಮಾರ್.

ಸಂಜೆ ಆಕಾಶ ನಿಚ್ಚಳವಾಗಿತ್ತು. ಮರದ್ದೇ ಸರಿ ಎಂದು ತೀರ್ಮಾನಿಸಿ, ಅದರ ತೋಟಾಗಳನ್ನು ಬೇಟೆಗೆ ತೊಡುವ ಕಿತ್ತಳೆ ಬಣ್ಣದ ಕೋಟಿನ ಬಲಜೇಬಿಗೆ ಹಾಕಿ ಗುಂಡಿ ಬಿಗಿದೆ. ಬೆಳಗ್ಗೆ ಎದ್ದರೆ ಜಿನುಗುಮಳೆ. ಹವೆ ತೀರ್ಪು ಬದಲಿಸಿತ್ತು, ನಾನೂ ಬದಲಿಸಿದೆ. ಕೋಟು ತೊಟ್ಟು, ಕಪ್ಪು ಕೋವಿಯನ್ನು ಹೆಗಲಿಗೇರಿಸಿ ಬೆಟ್ಟ ಹತ್ತಿದೆ.

ಬಂಡೆಯ ಮೇಲೆ ಕೂತು, ಬೆಳಕು ಹರಿದ ಮೇಲೆ ಕೋವಿ ತುಂಬಲು ಜೇಬಿಗೆ ಕೈಹಾಕಿದೆ. ತೋಟಾ ಒಳಗೆ ಹೋಗಲಿಲ್ಲ. ತಿರುಗಿಸಿದೆ, ಹೋಗಲಿಲ್ಲ. ಒರೆಸಿ ನೋಡಿದೆ. ಉದ್ದದ ತೋಟಾ ಒರೆಸಿದರೆ ಗಿಡ್ಡವಾಗುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಾಗಿತ್ತು.

ಬಿಡಾರಕ್ಕೆ ಹಿಂದಿರುಗಬಹುದಿತ್ತು. ಆದರೆ ದಾರಿಯಲ್ಲಿ, ಹಳ್ಳದ ತಿರುವಿನಲ್ಲಿ, ಲಮಾರ್ ಕೂತಿದ್ದ. ಹಾಗಾಗಿ ಖಾಲಿ ಕೋವಿ ತೊಡೆಯ ಮೇಲಿಟ್ಟುಕೊಂಡು, ಈ ದಿನ ಒಂದೂ ಜಿಂಕೆ ಬಾರದಿರಲಿ ಎಂದು ದೇವರನ್ನು ಬೇಡಿಕೊಂಡೆ. ಆ ಬಂಡೆಯ ಮೇಲಿಂದ ದೇವರಿಗೆ ಅಂಥ ಅರ್ಜಿ ಹೋದದ್ದು ಅದೇ ಮೊದಲಿರಬೇಕು. ಆತ ನಂಬಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಕೆಳಗಿನಿಂದ ಗಂಡು ಜಿಂಕೆಯೊಂದು ಬಂತು. ಎರಡೂ ಕಡೆ ನಾಲ್ಕು ನಾಲ್ಕು ಕವಲಿನ ಕೊಂಬು. ಐವತ್ತು ಗಜದಲ್ಲಿ ಅಡ್ಡಲಾಗಿ ನಿಂತು ನನ್ನತ್ತ ನೋಡಿತು. ಕೋವಿ ಎತ್ತಿ ಅದರ ಮೇಲಿನ ದುರ್ಬೀನಿನಲ್ಲಿ ಹಿಡಿದೆ. ಜನ್ಮದಲ್ಲಿ ನನ್ನ ಕೈ ಅಷ್ಟು ಸ್ಥಿರವಾಗಿದ್ದದ್ದಿಲ್ಲ. ಉಸಿರು, ಗುರಿ, ಬೆರಳು, ಎಲ್ಲವೂ ಪಾಠದಲ್ಲಿದ್ದ ಹಾಗೇ. ಜಿಂಕೆ ಒಂದಿಷ್ಟು ಹಾವಸೆ ತಿಂದು, ನಿಧಾನವಾಗಿ ದಿಬ್ಬ ದಾಟಿತು.

ಹಿಂದೆಯೇ ಲಮಾರ್ ಏದುಸಿರು ಬಿಡುತ್ತ ಹತ್ತಿ ಬಂದ.

"ಅದನ್ನ ನಿಮ್ಮ ಕಡೆಗೇ ಅಟ್ಟಿದ್ದೆ ಭಾವ. ಸದ್ದೇ ಬರ್ಲಿಲ್ವಲ್ಲ. ನಿದ್ದೆ ಹೋಗಿದ್ರಾ?"

ಹೋಗಿದ್ದೆ ಎನ್ನಬಹುದಿತ್ತು. ಆದರೆ ಉದ್ದದ ತೋಟಾ ಮತ್ತೆ ನನ್ನ ಕೈಯಲ್ಲಿತ್ತು. ಅವನು ಅದನ್ನು ನೋಡಿದ, ಕೋವಿಯನ್ನು ನೋಡಿದ, ಬಂಡೆಯ ಪಕ್ಕ ಕೂತುಕೊಂಡ. ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಬಿಡಾರದಲ್ಲಿ ವಿಚಾರಣೆ. ಬೀಟ್‌ರೂಟಿನ ರಸದಲ್ಲಿ ನೆನೆದ ಮೊಟ್ಟೆ ತಿನ್ನುತ್ತ ಮಾವ ಕೇಳಿಸಿಕೊಂಡರು. ಅಚ್ಚರಿಯೆಂದರೆ ನನ್ನ ಪರ ವಾದಿಸಿದವನು ಲಮಾರ್.

"ಅಪ್ಪಾ, ಗುಂಡೇ ಹಾರಿಲ್ಲ. ಹಾರದೇ ಇರೋದು ತಪ್ಪೋದು ಹೇಗೆ? ಚುಂಗು ಕತ್ತರಿಸೋ ಹಾಗಿಲ್ಲ."

"ನಿಜ," ಎಂದರು ಮಾವ. "ಅಂಗೀದೇನೂ ತಪ್ಪಿಲ್ಲ. ತಪ್ಪಿದ್ದು ಜೇಬು."

ಕತ್ತರಿ ತಂದು ನನ್ನ ಕೋಟಿನ ಬಲಜೇಬನ್ನು ಹೊಲಿಗೆ ಸಮೇತ ಬಿಡಿಸಿ, ಹೋದ ವರ್ಷದ ಚುಂಗಿನ ಪಕ್ಕ ಮೊಳೆ ಹೊಡೆದರು. ಆ ಗೋಡೆಯಲ್ಲಿ ಜೇಬು ಅದೊಂದೇ. ನಾನು ಬಂಡೆಯ ಮಾತು ಬರುವುದನ್ನೇ ಕಾಯುತ್ತಿದ್ದೆ.

"ಮುಂದಿನ ವರ್ಷ ಬಂಡೆ ಲಮಾರ್‌ದು, ಒಲೆ ನಿಂದು," ಎಂದರು. ಆಮೇಲೆ ನನ್ನ ಮುಖ ನೋಡಿ, "ಒಂದೇ ವರ್ಷಕ್ಕೆ ಕಣಪ್ಪಾ. ಅಷ್ಟರಲ್ಲಿ ಒಂದು ಕೋವಿ ಮಾರು. ಯಾವುದನ್ನ ಅಂತ ನಾನು ಕೇಳಲ್ಲ."

ಆ ವರ್ಷ ಕಳೆಯಿತು. ನಾನು ಮಾರಲಿಲ್ಲ; ಎರಡರ ಬಗ್ಗೆಯೂ ಮಾಹಿತಿ ಸಾಲದೆನಿಸಿತು. ಬೇಟೆಯ ಬೆಳಗ್ಗೆ ಒಲೆಯ ಮುಂದೆ ನಿಂತು ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ದೋಸೆ ಹುಯ್ಯುತ್ತಿದ್ದೆ. ಲಮಾರ್ ಬಂದ.

"ಭಾವ, ನನ್ನ ಕೋವಿಯ ದುರ್ಬೀನಿಗೆ ಮಂಜು ಹಿಡಿದಿದೆ. ನಿಮ್ಮ ಎರಡರಲ್ಲಿ ಒಂದು ಕೊಡಿ. ಬಂಡೆಗೆ ಯಾವುದು ಸರಿ?"

ನಾನು ಬಾಗಿಲಿಗೆ ಹೋಗಿ ಆಕಾಶ ನೋಡಿದೆ. ಮೋಡವಿತ್ತು, ಮಳೆಯಿರಲಿಲ್ಲ. ಗಾಳಿ ಪಡುವಣದ್ದು. ಹನ್ನೊಂದಕ್ಕೆ ತೆರವಾದರೆ ಮರದ್ದು, ಆಗದಿದ್ದರೆ...

"ಏನೋ ಸೀಯ್ತಿದೆ," ಎಂದರು ಮಾವ.

ನಾನು ಕಾವಲಿ ಕೆರೆಯುತ್ತಿದ್ದಾಗ ಲಮಾರ್ ಯಾವುದೋ ಒಂದನ್ನು ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬೆಟ್ಟದಿಂದ ಒಂದೇ ಒಂದು ಗುಂಡಿನ ಸದ್ದು. ಗೂಟದಲ್ಲಿ ಉಳಿದಿರುವ ಕೋವಿ ಯಾವುದೆಂದು ನೋಡಲು ಹೊರಟೆ.

"ಅದನ್ನ ಆಮೇಲೆ ನೋಡು," ಎಂದು ಮಾವ ಸಟ್ಟುಗವನ್ನು ನನ್ನ ಕೈಗೆ ಕೊಟ್ಟರು. "ಮೊದ್ಲು ಇದನ್ನ ಮಗುಚಿ ಹಾಕು."