ಆಯಿಲ್ ಮುಚ್ಚಳ ತೆಗೆದಾಗ

ಮತ್ತೆ ಅದೇ ವಾಸನೆ, ಒಗ್ಗರಣೆ ಸೀದ ಹಾಗೆ, ಅಲ್ಲ, ಇದು ಕಾರಿನದೇ — ಸೋಮವಾರವೂ ಬಂದಿತ್ತು, ಬುಧವಾರವೂ, ನಾನು ಕಿಟಕಿ ಏರಿಸಿ ಸುಮ್ಮನಾದೆ, ಹೇಳಿದ್ದರೆ ಇವರು, ಲಲಿತಾ, ನೀ ಕ್ಲಚ್ ತುಳಿಯೋ ಚಂದಕ್ಕ ಸುಡಾಕತ್ತೈತಿ ಅನ್ನುತ್ತಿದ್ದರು, ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು, ನನ್ನ ಗಂಡ ದತ್ತಪ್ಪ, ಈಗ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಎಡಗೈ, ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿ ಉಬ್ಬಿಸಿದ ಕೈ, ಅದರಿಂದ ಭಾರ ಎತ್ತುವಂತಿಲ್ಲ, ಬಲಗೈಗೆ ನಡುಕ, ಹಾಗಾಗಿ ಐವತ್ತೊಂದನೆಯ ವಯಸ್ಸಿಗೆ ನಾನು ಸ್ಟೇರಿಂಗ್ ಹಿಡಿದೆ, ವಾರಕ್ಕೆ ಮೂರು ದಿನ ಕಮಲಾಪುರದಿಂದ ಕಲಬುರಗಿಗೆ, ಹತ್ತಕ್ಕೆ ಸರಿಯಾಗಿ ಮಷಿನ್ನು, ತಪ್ಪಿದರೆ ನಾಳೆಗೆ ಕಾಲು ಬಾತು, ರಾತ್ರಿ ಉಸಿರು ಸಾಲದೆ ಎದ್ದು ಕೂರುವುದು — ಅಯ್ಯೋ ಹೊಗೆ, ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ನೀಲಿ ಹೊಗೆ, ಮುಗಿಯಿತು, ಎಂಜಿನ್ನೇ ಸುಟ್ಟಿತು, ಸುಟ್ಟವಳು ನಾನು, ಬಾಜೂಕ ಹಾಕು, ಆಫ್ ಮಾಡು, ಇವರ ದನಿಯಲ್ಲಿ ಸಿಟ್ಟಿಲ್ಲ, ಯಾಕಿಲ್ಲ?

ಮಹಾಗಾಂವ್ ಕ್ರಾಸು, ಎದುರಿಗೇ ನಬಿಸಾಬರ ಗಾಡಿ ಸಾಮಾನಿನ ಅಂಗಡಿ, ಪುಣ್ಯ, ಇವರು ಬಾನೆಟ್ ತೆಗಿ ಅಂದರು, ತಣ್ಣಗಾಗಲಿ, ಹತ್ತು ನಿಮಿಷ ತಡಿ, ಗಡಿಯಾರದಲ್ಲಿ ಒಂಬತ್ತಕ್ಕೆ ಹತ್ತು ನಿಮಿಷವಿದೆ, ಎಣ್ಣೆಗೆ ಧೂಳು ಮೆತ್ತಿದ ಎಂಜಿನ್ನು ನೋಡುತ್ತ ನಿಂತೆ, ಬಾಯಿ ತಡೆಯಲಿಲ್ಲ — ಸೋಮವಾರದಿಂದ ವಾಸನಿ ಬರಾಕತ್ತಿತ್ತುರೀ, ನಾನ ಹೇಳಲಿಲ್ಲ — ಇವರು ರಸ್ತೆ ಕಡೆ ನೋಡಿದರು, ನನಗೂ ಬಂದಿತ್ತು, ಹೇಳಿದ್ರ ನೀ ಅಂಜಿ ಗಾಡಿ ಹೊಡಿಯೂದ ಬಿಟ್ಟಬಿಡ್ತಿ ಅಂತ ಸುಮ್ಮನಿದ್ದೆ, ನೀ ಬಿಟ್ರ ನನ್ನ ಗತಿ ಏನು — ಹಾಗೆಂದರು, ನಾನು ಗೇರ್ ಹಾಕಿದಾಗಲೆಲ್ಲ ಹಲ್ಲು ಕಚ್ಚುವ ಮನುಷ್ಯ, ನನ್ನನ್ನು ನಂಬಿ ಕೂತಿದ್ದಾರೆ, ಎರಡು ವರ್ಷದಿಂದ, ನನಗೆ ಗೊತ್ತೇ ಆಗಿಲ್ಲ.

ನಬಿಸಾಬರು ಬಂದು ಬಗ್ಗಿದರು, ಒರೆಸಿದರು, ಆಯಿಲ್ ಕ್ಯಾಪ್ ನೋಡ್ರಿ ಅಕ್ಕಾ, ಅಲ್ಲಿಂದ ಎಣ್ಣಿ ಉಗುಳೈತಿ, ಇವರ ಬಲಗೈ ಅತ್ತ ಹೋಗಿ ನಡುಗಿ ಹಿಂದೆ ಬಂತು, ನೀನ ತೆಗಿ ಲಲಿತಾ, ಎಡಕ್ಕ ತಿರುವು, ಬಟ್ಟೆ ಹಿಡಿದು ತಿರುವಿದೆ, ಬಂತು, ಅಂಗೈ ತುಂಬ ಕರಿ ಮುಚ್ಚಳ, ಅದರ ರಬ್ಬರ್ ವಾಶರು ಹುಣಸೆ ಸಿಪ್ಪೆಯಂತೆ ಒಣಗಿ ಮೂರು ಕಡೆ ಸೀಳಿದೆ, ಇಷ್ಟಕ್ಕಾ? ಇಷ್ಟ ರೀ ಅಕ್ಕಾ, ಎಣ್ಣಿ ಸಿಡಿದು ಬಿಸಿ ಕಬ್ಬಿಣದ ಮ್ಯಾಲ ಬಿದ್ದು ಹೊಗಿ ಎದ್ದೈತಿ, ನಬಿಸಾಬರು ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿದರು, ಕೆಳಗಿನ ಗೀಟಿಗಿಂತ ಮೇಲೇ ಇತ್ತು, ಎಂಜಿನ್ ಬೇಷ್ ಐತ್ರಿ, ಏನೂ ಆಗಿಲ್ಲ, ಹೊಸ ಕ್ಯಾಪ್ ಹುಡುಕಿ ತರ್ತೀನಿ ಅಂತ ಅಂಗಡಿಗೆ ಹೋದರು. ಇವರೆಂದರು, ಮುಚ್ಚೂಕಿಂತ ಮೊದಲ ಒಳಗ ನೋಡು.

ಕೂಸಿನ ಬಳೆಯಷ್ಟೇ ಅಗಲದ ಬಾಯಿ, ಓರೆಯಾಗಿ ಇಳಿದ ಬಿಸಿಲು, ಒಳಗೆ ಕಪ್ಪಿರುತ್ತದೆ ಅಂದುಕೊಂಡಿದ್ದೆ, ಕಪ್ಪಲ್ಲ, ಜೇನಿನ ಬಣ್ಣ, ಮೊಟ್ಟೆಯಂಥ ಉಬ್ಬುಗಳಿದ್ದ ಉಕ್ಕಿನ ದಂಡದ ಮೇಲೆ ಚರ್ಮದಂತೆ ತೆಳುವಾದ ಎಣ್ಣೆ, ಗೀರಿಲ್ಲ, ಸದ್ದಿಲ್ಲ, ಇಷ್ಟು ಸ್ವಚ್ಛ ನನ್ನ ಅಡಿಗೆಮನೆಯೂ ಇಲ್ಲ, ಗಾಡಿ ಓಡೂವಾಗ ಅದು ನಿಮಿಷಕ್ಕ ಸಾವಿರ ಸಲ ತಿರಗತೈತಿ, ಇವರೆಂದರು, ಮೊದಲ್ನೇ ಸಲ ಡಿಪೋದಾಗ ನೋಡಿದಾಗ ನಾ ಉಣ್ಣೂದ ಮರತಿದ್ದೆ, ಇವರ ತಲೆ ನನ್ನ ತಲೆಗೆ ತಾಗಿತ್ತು, ಅಷ್ಟು ವರ್ಷ ಮನೆಗೆ ಬರೀ ಗ್ರೀಸಿನ ವಾಸನೆ ತಂದವರು ಇದನ್ನು ಒಮ್ಮೆಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಒಂದು ಉಬ್ಬಿನ ತುದಿಗೆ ಒಂದು ಹನಿ, ಸೂರ್ಯನನ್ನೇ ಹಿಡಿದುಕೊಂಡು ತೂಗುತ್ತಿತ್ತು. ನಬಿಸಾಬರು ತಂದ ಹೊಸ ಮುಚ್ಚಳ ನಾನೇ ಹಚ್ಚಿದೆ, ಬಲಕ್ಕೆ, ಗಟ್ಟಿಯಾಗಿ ಕೂರುವ ತನಕ, ಸಾಕು, ಜಾಸ್ತಿ ಬಿಗೀಬ್ಯಾಡ, ಗಾಡಿ ಬಿಟ್ಟೆ, ಹೊಗೆಯಿಲ್ಲ, ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಮೂರು ಸಲ ಗೇರ್ ಬದಲಿಸಿದೆ, ಇವರು ಹಲ್ಲು ಕಚ್ಚಲಿಲ್ಲ, ಹತ್ತಕ್ಕೆ ಐದು ನಿಮಿಷ ಮೊದಲೇ ಆಸ್ಪತ್ರೆ ಮುಟ್ಟಿದೆವು.

ಈಗ ಮಷಿನ್ನು ತಿರುಗುತ್ತಿದೆ, ಇವರಿಗೆ ನಿದ್ದೆ ಹತ್ತಿದೆ, ನನ್ನ ಉಗುರಿನ ಸಂದಿಯಲ್ಲಿ ಎಣ್ಣೆ, ತೊಳೆಯಲು ಏಳಬೇಕು, ಏಳುತ್ತಿಲ್ಲ, ಕಣ್ಣು ಮುಚ್ಚಿದರೆ ಜೇನುಬಣ್ಣ, ತೆರೆದರೂ ಅದೇ, ಆ ಉಕ್ಕು, ಆ ಬಿಸಿಲು, ತುದಿಯಲ್ಲಿ ಆ ಹನಿ, ಬೀಳದೆ, ಆ ಹನಿ —